ಹೆದ್ದಾರಿ ಬದಿಯ ತಂಗುದಾಣ: ಕಾರಿನವರಿಗೋ, ಲಾರಿಯವರಿಗೋ?

ಹೊಸ ಹೆದ್ದಾರಿ ಅಂದ ಕೂಡಲೇ ನಮ್ಮಲ್ಲಿ ನಡೆಯೋ ಚರ್ಚೆ ಎರಡೇ: ಎಷ್ಟು ಹೊತ್ತು ಉಳಿಯುತ್ತೆ, ಟೋಲ್ ಎಷ್ಟು. ದಾರಿಯಲ್ಲಿ ಹೋಗುವವರು ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ರಸ್ತೆ ಆದ ಮೇಲೆ ಏಳುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯನ್ನೇ ನೋಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಸುಮಾರು 118 ಕಿ.ಮೀ. ರಸ್ತೆಯಿದು. ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ, ಚನ್ನಪಟ್ಟಣದ ಗೊಂಬೆ ಅಂಗಡಿ ಎಲ್ಲವೂ ಹಳೇ ರಸ್ತೆಯಲ್ಲೇ ಉಳಿದವು. ಹೊಸ ರಸ್ತೆ ಶುರುವಾದಾಗ ಅದರ ಬದಿಯಲ್ಲಿ ತಂಗುದಾಣ ಇರಲಿಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲದ ವಿಷಯವೇನಲ್ಲ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಪ್ರತಿ 40ರಿಂದ 60 ಕಿ.ಮೀ.ಗೆ ಒಂದರಂತೆ ರಸ್ತೆಬದಿ ಸೌಕರ್ಯ ಕೇಂದ್ರ ಕಟ್ಟುವುದು ಹೆದ್ದಾರಿ ಪ್ರಾಧಿಕಾರದ ಯೋಜನೆ. 2024ರ ಅಕ್ಟೋಬರ್‌ನಲ್ಲಿ ‘ಹಮ್‌ಸಫರ್’ ನೀತಿ ಬಂತು. ಶುಚಿಯಾದ ಶೌಚಾಲಯ, ಮಗುವಿಗೆ ಹಾಲೂಡಿಸಲು ಜಾಗ, ಗಾಲಿಕುರ್ಚಿ, ಇ.ವಿ. ಚಾರ್ಜಿಂಗ್, ಪಾರ್ಕಿಂಗ್ ಎಲ್ಲವೂ ಅದರಲ್ಲಿವೆ. ಅದೇ ವರ್ಷದ ಫೆಬ್ರವರಿಯಲ್ಲಿ ಪ್ರಧಾನಿ, ಲಾರಿ ಮತ್ತು ಟ್ಯಾಕ್ಸಿ ಚಾಲಕರಿಗಾಗಿ ಮೊದಲ ಹಂತದಲ್ಲಿ 1,000 ವಿಶ್ರಾಂತಿ ಕೇಂದ್ರಗಳನ್ನು ಘೋಷಿಸಿದ್ದರು. ತೈಲ ಕಂಪನಿಗಳ ಪೆಟ್ರೋಲ್ ಬಂಕ್‌ಗಳಲ್ಲಿ ‘ಅಪ್ನಾ ಘರ್’ ಹೆಸರಿನಲ್ಲಿ ಮಲಗಲು ಮಂಚ, ಸ್ನಾನದ ಮನೆ, ತಾವೇ ಅಡುಗೆ ಮಾಡಿಕೊಳ್ಳಲು ಜಾಗ ಕೊಡುವ ಕೆಲಸವೂ ನಡೆದಿದೆ.

ಹಾಗಾದ್ರೆ ತಕರಾರು ಏನು? ನನ್ನ ತಕರಾರು ಇಷ್ಟೇ: ಕಾರಿನವರ ಅಗತ್ಯ ಬೇರೆ, ಲಾರಿಯವರ ಅಗತ್ಯ ಬೇರೆ. ಎರಡನ್ನೂ ಒಂದೇ ನಕ್ಷೆಯಲ್ಲಿ ತುರುಕಿದರೆ ಸೋಲುವವನು ಲಾರಿ ಡ್ರೈವರ್.

ಕಾರಿನಲ್ಲಿ ಹೋಗುವ ಕುಟುಂಬಕ್ಕೆ ಬೇಕಾದ್ದು ಅರ್ಧ ಗಂಟೆ. ಶೌಚಾಲಯ, ಕಾಫಿ, ಮಕ್ಕಳು ಸ್ವಲ್ಪ ಕಾಲಾಡಿಸಲು ಜಾಗ. ಇದು 50 ಕಿ.ಮೀ.ಗೊಂದು ಇದ್ದರೆ ಸಾಕು. ಲಾರಿ ಡ್ರೈವರ್‌ಗೆ ಬೇಕಾದ್ದು ಆರೇಳು ಗಂಟೆಯ ನಿದ್ದೆ. ಆದರೆ ಅವನು ಲಾರಿಯನ್ನು ಕಣ್ಣಳತೆಯಾಚೆ ಬಿಟ್ಟು ಮಲಗಲಾರ. ಡೀಸೆಲ್ ಕದೀತಾರೆ, ಟಾರ್ಪಾಲು ಕುಯ್ದು ಮಾಲು ಎಳೀತಾರೆ, ನಷ್ಟ ಅವನ ತಲೆಗೇ ಬರುತ್ತದೆ. ಅದಕ್ಕೇ ಎಷ್ಟೋ ಡ್ರೈವರ್‌ಗಳು ಕ್ಯಾಬಿನ್‌ನಲ್ಲೇ ಮುದುಡಿ ಮಲಗೋದು. ಹಾಗಾಗಿ ಮಂಚಕ್ಕಿಂತ ಮೊದಲು ಬೇಕಾದ್ದು ದೀಪ, ಬೇಲಿ, ಕಾವಲುಗಾರ ಇರುವ ಪಾರ್ಕಿಂಗ್.

ಅದಿಲ್ಲದಿದ್ದರೆ ಲಾರಿಗಳು ರಸ್ತೆ ಅಂಚಿನಲ್ಲೇ ನಿಲ್ಲುತ್ತವೆ. ರಾತ್ರಿ ಹಿಂದಿನ ದೀಪವೂ ಇಲ್ಲದೆ ನಿಂತ ಲಾರಿಗೆ ವೇಗವಾಗಿ ಬಂದ ಕಾರು ಗುದ್ದುವ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದ್ತೀವಿ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ಒಟ್ಟು ರಸ್ತೆ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಸುಮಾರು 2%, ಆದರೆ ಸಾವುಗಳಲ್ಲಿ 36%. ಅಂದರೆ ಲಾರಿ ನಿಲ್ಲಿಸಲು ಜಾಗ ಕೊಡುವುದು ಕಾರಿನವರ ಪ್ರಾಣದ ಪ್ರಶ್ನೆಯೂ ಹೌದು.

ಇನ್ನು ದುಡ್ಡಿನ ಲೆಕ್ಕ. ಇಂಥ ಕೇಂದ್ರಗಳನ್ನು ಖಾಸಗಿಯವರು ದೀರ್ಘಾವಧಿ ಗುತ್ತಿಗೆಗೆ ಪಡೆದು ನಡೆಸುತ್ತಾರೆ. ಬಾಡಿಗೆ ಕಟ್ಟಬೇಕಾದವರು ವ್ಯಾಪಾರ ಎಲ್ಲಿ ಜಾಸ್ತಿಯೋ ಅಲ್ಲಿಗೇ ಜಾಗ ಕೊಡ್ತಾರೆ. ಎ.ಸಿ. ಫುಡ್‌ಕೋರ್ಟ್‌ನಲ್ಲಿ ದೋಸೆ ತಿನ್ನುವ ನಾಲ್ವರ ಕುಟುಂಬದಿಂದ ಹದಿನೈದು ನಿಮಿಷದಲ್ಲಿ ಸಿಗುವ ಲಾಭ, ಇಡೀ ರಾತ್ರಿ ಜಾಗ ಹಿಡಿದು ನಿಂತ ಲಾರಿಯಿಂದ ಸಿಗಲ್ಲ. ಹಳೇ ಢಾಬಾ ಈ ಲೆಕ್ಕವನ್ನು ಬೇರೆ ಥರ ಬಿಡಿಸಿತ್ತು: ಊಟಕ್ಕೆ ದುಡ್ಡು ಕೊಟ್ಟರೆ ಸ್ನಾನಕ್ಕೆ ನೀರು, ಮಲಗಲು ಹಗ್ಗದ ಮಂಚ ಪುಕ್ಕಟೆ. ಲಾರಿಯೂ ಕಣ್ಣೆದುರಿಗೇ ಇರುತ್ತಿತ್ತು.

ಕಟ್ಟಡ ಕಟ್ಟಿದ ಮಾತ್ರಕ್ಕೆ ಡ್ರೈವರ್ ನಿಲ್ಲುತ್ತಾನಾ? ಬೆಂಗಳೂರಿನಿಂದ ಮುಂಬೈಗೆ ಸುಮಾರು 1,000 ಕಿ.ಮೀ. ಗಂಟೆಗೆ 45 ಕಿ.ಮೀ. ಸರಾಸರಿ ಹಿಡಿದರೂ 22 ಗಂಟೆ ಸ್ಟೀರಿಂಗ್ ಹಿಡಿಯಬೇಕು. ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂದು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಹೇಳಿತ್ತು. ಆ ಲೆಕ್ಕದಲ್ಲಿ ಇದು ಮೂರು ದಿನದ ದಾರಿ. ಮಾಲೀಕ ಅಷ್ಟು ದಿನ ಕೊಡ್ತಾನಾ? ರಾತ್ರಿ ತಂಗುವ ಕಡೆ ವಿಶ್ರಾಂತಿ ಕೊಠಡಿ ಒದಗಿಸುವುದು ಉದ್ಯೋಗದಾತನ ಹೊಣೆ ಎಂದೂ ಆ ಕಾಯ್ದೆ ಹೇಳಿತ್ತು. ಆದರೆ ಅದು ಅನ್ವಯವಾಗುತ್ತಿದ್ದುದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಒಂದೆರಡು ಲಾರಿ ಇಟ್ಟುಕೊಂಡ ಸಣ್ಣ ಮಾಲೀಕರೇ ತುಂಬಿರುವ ಈ ವ್ಯವಹಾರದಲ್ಲಿ ಬಹಳಷ್ಟು ಡ್ರೈವರ್‌ಗಳು ಅದರ ಹೊರಗೇ ಉಳಿದರು.

ಅಮೆರಿಕದಲ್ಲಿ ಸಮಸ್ಯೆ ತಿರುಗುಮುರುಗು. ಅಲ್ಲಿ ಲಾರಿ ಡ್ರೈವರ್ 11 ಗಂಟೆಗಿಂತ ಹೆಚ್ಚು ಓಡಿಸಿದರೆ ಯಂತ್ರದಲ್ಲೇ ದಾಖಲಾಗುತ್ತದೆ. ಆದರೆ ನಿಲ್ಲಿಸಲು ಜಾಗ ಸಾಲದು. 2009ರಲ್ಲಿ ಪಾಳುಬಿದ್ದ ಪೆಟ್ರೋಲ್ ಬಂಕ್‌ನಲ್ಲಿ ಲಾರಿ ನಿಲ್ಲಿಸಿಕೊಂಡಿದ್ದ ಚಾಲಕನೊಬ್ಬನ ಕೊಲೆಯಾಯಿತು. ಆತನ ಹೆಸರಿನಲ್ಲೇ 2012ರಲ್ಲಿ ಬಂದ ‘ಜೇಸನ್ ಕಾನೂನು’ ಸುರಕ್ಷಿತ ಲಾರಿ ಪಾರ್ಕಿಂಗ್‌ಗೆ ಸರ್ಕಾರದ ಹಣ ಬಳಸಲು ದಾರಿ ಮಾಡಿತು. ಅವರಿಗೆ ಗಂಟೆಯ ಲೆಕ್ಕವಿದೆ, ಜಾಗ ಕಮ್ಮಿ. ನಾವು ಜಾಗ ಕಟ್ಟಲು ಹೊರಟಿದ್ದೇವೆ, ಗಂಟೆಯ ಲೆಕ್ಕ ಕೇಳೋರಿಲ್ಲ.

ಆದ್ದರಿಂದ ನಿಮ್ಮೂರ ಹತ್ತಿರ ಇಂಥ ಕೇಂದ್ರ ಬಂದರೆ ಗಾಜಿನ ಕಟ್ಟಡ ನೋಡಿ ತೃಪ್ತಿಪಡಬೇಡಿ. ಲಾರಿ ನಿಲ್ಲಿಸಲು ಎಷ್ಟು ಜಾಗ, ರಾತ್ರಿ ಕಾವಲಿದೆಯಾ, ಮಂಚಕ್ಕೆ ಬಾಡಿಗೆ ಎಷ್ಟು, ಡ್ರೈವರ್‌ಗೆ ಕೈಗೆಟುಕೋ ಊಟ ಸಿಗುತ್ತಾ, ಬೈಪಾಸ್‌ನಿಂದ ವ್ಯಾಪಾರ ಕಳಕೊಂಡ ಊರಿನವರಿಗೆ ಅಲ್ಲೊಂದು ಅಂಗಡಿ ಸಿಕ್ಕಿದೆಯಾ ಅಂತ ಕೇಳಿ. ಟೋಲ್ ಕಟ್ಟುವವರೆಲ್ಲರಿಗೂ ಇದನ್ನು ಕೇಳುವ ಹಕ್ಕಿದೆ, ಲಾರಿಯವರಂತೂ ಕಾರಿನವರಿಗಿಂತ ಹೆಚ್ಚೇ ಕಟ್ಟುತ್ತಾರೆ.