ಹನ್ನೆರಡು ವೋಲ್ಟಿನ ಜಾಡು

ಕಬ್ಬು ಅರೆಯುವ ಕಾಲ. ಎತ್ತಿನ ಗಾಡಿ, ಟ್ರ್ಯಾಕ್ಟರುಗಳು ಮೈಶುಗರ್ ಕಾರ್ಖಾನೆಯ ದಾರಿ ಹಿಡಿಯುವ ಹೊತ್ತಿಗೆ ಮಂಡ್ಯದ ಗುತ್ತಲು ರಸ್ತೆ ಕಡೆಯ ಆಟೋ ಎಲೆಕ್ಟ್ರಿಷಿಯನ್ ಅಂಗಡಿಯೊಂದರ ಷಟರು ಮೇಲೇಳುತ್ತದೆ. ಒಳಗೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಮೊಳೆಗೆ ನೇತುಹಾಕಿದ ಹಳೇ ವೈರಿಂಗ್ ಕಟ್ಟುಗಳು, ಬಿಚ್ಚಿಟ್ಟ ಸೆಲ್ಫ್ ಮೋಟರಿನ ಆರ್ಮೇಚರು, ಡಬ್ಬದ ತುಂಬ ಬಿಡಿ ಲಗ್ಗುಗಳು, ಮೂಲೆಯಲ್ಲಿ ಚಾರ್ಜಿಗೆ ಹಾಕಿದ ಬ್ಯಾಟರಿಗಳ ಸಾಲು. ಆಸಿಡ್ಡಿನ ಹುಳಿ ಘಾಟಿಗೆ ಬೆಸುಗೆಯ ಹೊಗೆ ಬೆರೆತಿದೆ.

ಬಾಗಿಲ ಮುಂದೆ ಕೆನೆಬಣ್ಣದ ಪ್ರೀಮಿಯರ್ ಪದ್ಮಿನಿಯೊಂದು ಬಾನೆಟ್ ತೆರೆದು ನಿಂತಿದೆ. ಪಕ್ಕದಲ್ಲಿ ಪಂಚೆ ಎತ್ತಿ ಕಟ್ಟಿದ ಯಜಮಾನರು. ಕೀ ತಿರುಗಿಸಿದರೆ 'ಟಕ್' ಅನ್ನುವ ಒಂದು ಸದ್ದು, ಮುಂದೆ ಏನೂ ಇಲ್ಲ. ಬ್ಯಾಟರಿ ಹೊಸದು ಹಾಕಿಸಿದ್ದಾಯಿತು, ಸೆಲ್ಫ್ ಮೋಟರಿಗೆ ಕಾರ್ಬನ್ ಬ್ರಶ್ ಬದಲಿಸಿದ್ದೂ ಆಯಿತು. ಕಾಯಿಲೆ ಮಾತ್ರ ಹಾಗೇ ಉಳಿದಿದೆ.

ಮೇಸ್ತ್ರಿ ಮಾತಾಡದೆ ಚೋಕ್ ಕೇಬಲ್ಲಿನ ಮೇಲೆ ಬೆರಳಿಟ್ಟು ಹುಡುಗನಿಗೆ "ಸೆಲ್ಫ್ ಹೊಡಿಲಾ" ಅಂದ. ಬೆರಳು ಥಟ್ಟನೆ ಹಿಂದೆ ಬಂತು. ಕೇಬಲ್ ಬಿಸಿಯಾಗಿತ್ತು.

"ಬ್ಯಾಟ್ರಿದೇನ್ ತಪ್ಪಿಲ್ಲ ಕಣಣ್ಣ. ಕರೆಂಟು ಹೋಯ್ತಾ ಅದೆ, ವಾಪಸ್ ಬರಕ್ಕೆ ದಾರಿ ಇಲ್ಲ."

ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಎಂಜಿನ್ನಿನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಯ ಮೈನಸ್ಸಿಗೆ ದಪ್ಪ ಅರ್ಥಿಂಗ್ ಪಟ್ಟಿ ಬಿಗಿದಿರುತ್ತಾರೆ. ಅದು ತುಕ್ಕು ಹಿಡಿದರೆ ಕರೆಂಟು ಚೋಕ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲು, ಹೀಗೆ ಸಿಕ್ಕ ಲೋಹದ ಮೇಲೆಲ್ಲ ನುಗ್ಗಿ ಮನೆಗೆ ಮರಳಲು ನೋಡುತ್ತದೆ. ಸೆಲ್ಫ್ ಮೋಟರ್ ಎಳೆಯುವುದು ನೂರಕ್ಕೂ ಹೆಚ್ಚು ಆಂಪಿಯರ್. 150 ಆಂಪಿಯರ್ ಹರಿಯುವಾಗ ದಾರಿಯಲ್ಲಿ ಬರೀ 0.02 ಓಮ್ ತಡೆ ಇದ್ದರೂ 3 ವೋಲ್ಟು ಅಲ್ಲೇ ಸತ್ತುಹೋಗುತ್ತದೆ. 12ರಲ್ಲಿ 3 ಕಳೆದರೆ ಮೋಟರು ತಿರುಗುವುದೆಲ್ಲಿ?

ಯಜಮಾನರಿಗೆ ಇನ್ನೂ ನಂಬಿಕೆ ಬಂದಿಲ್ಲ. ಮೇಸ್ತ್ರಿ ಅವರದೇ ಹೊಲದ ಲೆಕ್ಕಕ್ಕೆ ಇಳಿದ: "ನಾಲೆ ನೀರು ಗದ್ದೆಗೆ ಬಂದ್ರೆ ಮುಗೀತು. ಕರೆಂಟು ಅಂಗಲ್ಲ, ಹೊಂಟ ಮನೆಗೇ ವಾಪಸ್ ಬರ್ಬೇಕು. ತೂಬು ಕಟ್ಕಂದ್ರೂ ಕಷ್ಟ, ಏರಿ ಒಡುದ್ರೂ ಕಷ್ಟ, ಸೋರುದ್ರೂ ಕಷ್ಟ. ಈ ಮೂರ್ ಬುಟ್ರೆ ನಾಕ್ನೇ ರೋಗ ಇಲ್ಲ." ವಿಶ್ವೇಶ್ವರಯ್ಯ ನಾಲೆಯ ನೀರು ಕಂಡವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ಎಂಜಿನ್ನಿಗೂ ಬ್ಯಾಟರಿಯ ಮೈನಸ್ಸಿಗೂ ನೇರವಾಗಿ ಒಂದು ದಪ್ಪ ಕೇಬಲ್ ಮುಟ್ಟಿಸಿ ಕೀ ತಿರುಗಿಸಿದ್ದೇ ತಡ, ಪದ್ಮಿನಿ ಗುರ್ರೆಂದು ಎದ್ದಿತು. ಇನ್ನು ಉಳಿದದ್ದು ಎಮರಿ ಕಾಗದದಲ್ಲಿ ಉಜ್ಜಿ, ಪಟ್ಟಿ ಬದಲಿಸಿ, ಬೋಲ್ಟು ಬಿಗಿಯುವ ಕೆಲಸ.

ಮದ್ದೂರಿನಲ್ಲಿ ಮಧ್ಯಾಹ್ನದ ಬಿಸಿಲು ಬೇರೆಯೇ ತರದ್ದು. ಎಳನೀರು ಮಾರುಕಟ್ಟೆಗೆ ಬಂದ ಗೂಡ್ಸ್ ಗಾಡಿಗಳು, ವಡೆ ಕಟ್ಟಿಸಿಕೊಳ್ಳಲು ನಿಂತ ಕಾರುಗಳು, ಬಸ್ಸುಗಳ ಹಾರ್ನು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ ಅವಸರದ ವಾಹನಗಳು ಊರನ್ನು ಮುಟ್ಟದೆ ಸಾಗುತ್ತವೆ. ಹಳೇ ಹೆದ್ದಾರಿಯ ಬದಿಯ ಮರದ ನೆರಳಿನ ಅಂಗಡಿಗೆ ಬರುವುದು ಅವಸರವಿಲ್ಲದವು, ಇಲ್ಲವೇ ಅವಸರ ಮಾಡಲಾಗದವು. ಬಿಳಿ ಅಂಬಾಸಿಡರ್ ಎರಡನೆಯ ಗುಂಪಿನದು.

ಹಂಪು ಹಾರಿದಾಗಲೆಲ್ಲ ಫ್ಯೂಸು ಹೋಗುತ್ತದೆ. ಅದರ ಜೊತೆಗೆ ಇಂಡಿಕೇಟರು, ಬ್ರೇಕ್ ಲೈಟು, ವೈಪರು ಎಲ್ಲವೂ. ಡ್ರೈವರಣ್ಣ ಬೇಸತ್ತು ಗಾಜಿನ ಫ್ಯೂಸಿಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದಾನೆ. ಅದನ್ನು ಕಂಡೊಡನೆ ಇಲ್ಲಿನ ಮೇಸ್ತ್ರಿಗೆ ಸಿಟ್ಟು: "ಫ್ಯೂಸ್ ಉಳುಸ್ಕಂಡು ಗಾಡಿ ಸುಡ್ತೀಯಾ?" ಮಾತು ಒರಟಾದರೂ ಸತ್ಯ. ಮೊದಲು ಸುಡಬೇಕಾದದ್ದು ಫ್ಯೂಸು. ಅದಕ್ಕೆ ಬಿಡದಿದ್ದರೆ ವೈರು ಸುಡುತ್ತದೆ, ವೈರಿನ ಸುತ್ತ ಇರುವುದು ರೆಕ್ಸಿನ್ನು, ಸ್ಪಂಜು, ಪೆಟ್ರೋಲು.

ಮೇಸ್ತ್ರಿ ಬೆಳ್ಳಿ ಕಾಗದ ಕಿತ್ತೆಸೆದ. ಫ್ಯೂಸಿನ ಜಾಗಕ್ಕೆ 21 ವ್ಯಾಟಿನ ಇಂಡಿಕೇಟರ್ ಬಲ್ಬೊಂದನ್ನು ಎರಡು ವೈರಿನಿಂದ ಜೋಡಿಸಿದ. ಸ್ವಿಚ್ಚುಗಳೆಲ್ಲ ಆಫ್, ಕೀ ಮಾತ್ರ ಆನ್. ಎಲ್ಲೋ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ. ಶಾರ್ಟ್ ಬಿಟ್ಟ ಕ್ಷಣ ಆರುತ್ತದೆ. ಹೀಗೆ ಮಾಡಿದರೆ ಫ್ಯೂಸುಗಳನ್ನು ಒಂದರ ಹಿಂದೊಂದು ಸುಡಬೇಕಿಲ್ಲ. ಲೂಕಾಸ್ ಪದ್ಧತಿಯ ವೈರಿಂಗಿನಲ್ಲಿ ಕೀ ಹಾಕಿದ ಮೇಲೆ ಫ್ಯೂಸು ದಾಟಿ ಬರುವುದು ಹಸಿರು ಬಣ್ಣ, ಅರ್ಥಿಂಗಿಗೆ ಕಪ್ಪು, ಬ್ಯಾಟರಿಯಿಂದ ನೇರ ಬರುವುದು ಕಂದು. ದಶಕಗಳ ಧೂಳಿನಲ್ಲಿ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿವೆ. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಒರೆಸಿದಾಗ ಹಸಿರು ಮೇಲೆ ಬಂತು.

ಹುಡುಗನೊಬ್ಬ ಡ್ಯಾಶ್‌ಬೋರ್ಡಿನ ಕೆಳಗಿನಿಂದ ವೈರಿನ ಕಟ್ಟನ್ನು ಗೇಣುಗೇಣಾಗಿ ಅಲುಗಿಸುತ್ತ ಹಿಂದೆ ಸರಿದ. ಇನ್ನೊಬ್ಬನ ಕಣ್ಣು ಬಲ್ಬಿನ ಮೇಲೆ. ಡಿಕ್ಕಿಯ ತಗಡಿನ ತೂತಿನ ಹತ್ತಿರ ಕೈಯಿಟ್ಟಾಗ ಬಲ್ಬು ಕಣ್ಣು ಮಿಟುಕಿಸಿತು. "ಅಲ್ಲೇ, ಅಲ್ಲೇ!" ತೂತಿಗೆ ಹಾಕಿದ್ದ ರಬ್ಬರ್ ಬುಷ್ ಪುಡಿಯಾಗಿ ಉದುರಿಹೋಗಿ, ತಗಡಿನ ಅಂಚು ವೈರಿನ ಮೈಯನ್ನು ಸವೆಸಿ ತಾಮ್ರದವರೆಗೆ ಹೋಗಿತ್ತು. ಹಂಪು ಹಾರಿದಾಗ ತಾಮ್ರ ತಗಡಿಗೆ ತಾಗುತ್ತಿತ್ತು.

ಮಳವಳ್ಳಿಗೆ ಕರೆಂಟಿನ ಮಾತು ಹೊಸದಲ್ಲ. ಇದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ಧುಮ್ಮಿಕ್ಕುವ ನೀರಿನಿಂದ ವಿದ್ಯುತ್ ತಯಾರಾಗಿ, ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ತಂತಿಯಲ್ಲಿ ಹರಿಯಿತು. ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದು ಆಮೇಲೆ, 1905ರಲ್ಲಿ. ಅಷ್ಟು ದೂರ ಸಾಗಿಸುವಾಗ ನಷ್ಟ ತಗ್ಗಿಸಲು ವೋಲ್ಟೇಜನ್ನು ಸಾವಿರಗಟ್ಟಲೆ ಏರಿಸಬಹುದು. ಕಾರಿಗೆ ಆ ಸೌಲಭ್ಯವಿಲ್ಲ. ಅದಕ್ಕಿರುವುದು 12 ವೋಲ್ಟು ಮಾತ್ರ. ಚೂರು ತುಕ್ಕು, ಚೂರು ಸಡಿಲ, ಚೂರು ಸೋರಿಕೆಯನ್ನೂ ಅದು ತಾಳಿಕೊಳ್ಳಲಾರದು.

ಸಂಜೆ ಕೊಳ್ಳೇಗಾಲ ರಸ್ತೆಯ ಕಡೆಯ ಅಂಗಡಿಗೆ ಬಂದ ಮಾರುತಿ 800ರ ಕಾಯಿಲೆ ಸೋರಿಕೆಯದೇ. ಭಾನುವಾರ ನಿಲ್ಲಿಸಿದರೆ ಬುಧವಾರಕ್ಕೆ ಬ್ಯಾಟರಿ ಖಾಲಿ. ಕೀ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ ನಡುವೆ ಮಲ್ಟಿಮೀಟರ್ ಸೇರಿಸಿದರು. ಸುಮ್ಮನೆ ನಿಂತ ಕಾರು ಎಳೆಯಬೇಕಾದದ್ದು ಹೆಚ್ಚೆಂದರೆ 50 ಮಿಲಿ ಆಂಪಿಯರ್. ಮೀಟರು ತೋರಿಸಿದ್ದು ಅರ್ಧ ಆಂಪಿಯರ್. ಮೂರು ದಿನಕ್ಕೆ 36 ಆಂಪಿಯರ್-ಅವರ್, ಅಂದರೆ ಹೆಚ್ಚುಕಡಿಮೆ ಆ ಪುಟ್ಟ ಬ್ಯಾಟರಿಯ ಪೂರ್ತಿ ಸತ್ವ.

ಫ್ಯೂಸುಗಳನ್ನು ಒಂದೊಂದಾಗಿ ಕಿತ್ತರು. ಮೀಟರು ಅಲುಗಲಿಲ್ಲ. ಹಾಗಿದ್ದರೆ ಕಳ್ಳ ಫ್ಯೂಸ್ ಪೆಟ್ಟಿಗೆಯ ಆಚೆ ಇದ್ದಾನೆ. ಸೀಟಿನ ಕೆಳಗೆ ಟಾರ್ಚು ಬಿಟ್ಟಾಗ ಕಂಡದ್ದು ಯಾವ ಕಾಲದಲ್ಲೋ ಹಾಕಿಸಿದ ಆಂಪ್ಲಿಫೈಯರ್, ಬ್ಯಾಟರಿಯಿಂದ ನೇರ ಎಳೆದ ವೈರು, ಜಾಯಿಂಟಿಗೆ ಸುತ್ತಿದ ಟೇಪು, ಟೇಪಿನ ಪಕ್ಕ ಇಲಿ ಕಚ್ಚಿದ ಗುರುತು. ಕುಯ್ಲು ಮುಗಿದ ಗದ್ದೆಯ ಇಲಿಗಳಿಗೆ ನಿಂತ ಕಾರಿನಷ್ಟು ಬೆಚ್ಚಗಿನ ಜಾಗ ಬೇರೆ ಸಿಗದು. ಆ ವೈರು ಬಿಡಿಸಿದ ಕೂಡಲೇ ಮೀಟರು ಕೆಲವೇ ಮಿಲಿ ಆಂಪಿಯರಿಗೆ ಇಳಿಯಿತು. ಇಳಿಯದಿದ್ದರೆ ಮುಂದಿನ ಸರದಿ ಆಲ್ಟರ್ನೇಟರಿನ ಡಯೋಡುಗಳದಾಗುತ್ತಿತ್ತು.

ಈ ಮೂರೂ ಕಾರುಗಳು ಇಂದು ತಯಾರಾಗುವುದಿಲ್ಲ. ಅಂಬಾಸಿಡರ್, ಮಾರುತಿ 800 ಎರಡೂ 2014ರಲ್ಲೇ ನಿಂತವು; ಪದ್ಮಿನಿ ಅದಕ್ಕೂ ಮುಂಚೆ. ಆದರೆ 15 ವರ್ಷ ತುಂಬಿದ ಕಾರಿನ ಆರ್‌ಸಿ ನವೀಕರಣಕ್ಕೆ ಹೋದಾಗ ಲೈಟು, ಹಾರ್ನು, ವೈಪರು ಕೆಲಸ ಮಾಡಲೇಬೇಕು. ಅದಕ್ಕೇ ಇಂಥ ಅಂಗಡಿಗಳು ಇನ್ನೂ ಬೇಕು.

ಹಳೇ ಕಾರು ಇಟ್ಟುಕೊಂಡವರಿಗೆ ಒಂದು ಮಾತು. ಬ್ಯಾಟರಿ ಬದಲಿಸುವ ಮೊದಲು ಅಳೆಸಿ: ಚಾರ್ಜಾಗಿ ಸುಮ್ಮನಿರುವಾಗ 12.6 ವೋಲ್ಟಿನ ಆಸುಪಾಸು, ಎಂಜಿನ್ ಓಡುವಾಗ 13.8ರಿಂದ 14.4 ಇದ್ದರೆ ಬ್ಯಾಟರಿಯನ್ನು ಬೈಯುವ ಮುನ್ನ ಅರ್ಥಿಂಗ್ ನೋಡಿಸಿ. ಡ್ಯಾಶಿನ ಖಾನೆಯಲ್ಲಿ ಸರಿಯಾದ ಅಳತೆಯ ನಾಲ್ಕು ಫ್ಯೂಸು, ಎರಡು ವೈರು ಬೆಸೆದ 12 ವೋಲ್ಟಿನ ಬಲ್ಬೊಂದು ಇರಲಿ. ಯಾರಾದರೂ ಹೊಸ ಪಾರ್ಟು ಹಾಕೋಣ ಅಂದರೆ, ಹಳೆಯದರ ತಪ್ಪನ್ನು ಬಲ್ಬಿನಲ್ಲೋ ಮೀಟರಿನಲ್ಲೋ ತೋರಿಸಿ ಅನ್ನಿ. ತೋರಿಸಿದವನಿಗೆ ದುಡ್ಡು ಕೊಡಿ; ಊಹೆ ಮಾಡುವವನಿಗೆ ಬೇಡ.