ಯಂತ್ರದೋಣಿಯ ಗೇರ್ ಕೇಬಲ್

ಹುಸೇನ್ ಸಾಗರದ ಕಟ್ಟೆಯ ಮೇಲೆ ಸಂಜೆ ನಡೆದಾಡುವ ಕನ್ನಡಿಗರಲ್ಲಿ ಬಹುಮಂದಿ, ಆ ಕೆರೆ 1562ರ ಸುಮಾರಿಗೆ ಇಬ್ರಾಹಿಂ ಕುತುಬ್ ಷಹನ ಆಳ್ವಿಕೆಯಲ್ಲಿ ನಿರ್ಮಾಣವಾಯಿತೆಂಬುದನ್ನು ಬಲ್ಲರು. 1990ರ ಮಾರ್ಚಿಯಲ್ಲಿ ಬುದ್ಧವಿಗ್ರಹವನ್ನು ಸಾಗಿಸುತ್ತಿದ್ದ ತೆಪ್ಪ ವಾಲಿ, ವಿಗ್ರಹವು ಜನರೊಡನೆ ನೀರುಪಾಲಾದುದನ್ನೂ, 1992ರಲ್ಲಿ ಅದನ್ನು ಮೇಲೆತ್ತಿ ಬಂಡೆಯ ಮೇಲೆ ನಿಲ್ಲಿಸಿದುದನ್ನೂ ಹಿರಿಯರು ಇನ್ನೂ ನೆನೆಯುತ್ತಾರೆ. ಇಂದು ಲುಂಬಿನಿ ಉದ್ಯಾನದ ಇಳಿದಾಣದಿಂದ ಆ ಬುದ್ಧನ ಬಳಿಗೆ ದೋಣಿಗಳು ಹೋಗಿಬರುತ್ತವೆ. ದೋಣಿಯೇರುವ ನಾವು ವಿಗ್ರಹವನ್ನು ನೋಡುತ್ತೇವೆಯೇ ಹೊರತು ಚಾಲಕನ ಕೈಯಲ್ಲಿರುವ ಸಣ್ಣ ಸನ್ನೆಗೋಲನ್ನು ನೋಡುವುದಿಲ್ಲ. ಪ್ರಕೃತ ಲೇಖನ ಆ ಸನ್ನೆಗೋಲಿಗೆ ಕಟ್ಟಿದ ತಂತಿಯನ್ನು ಕುರಿತದ್ದು.

ದೋಣಿಗೆ ಬ್ರೇಕ್ ಇಲ್ಲ. ಮುಂದಕ್ಕೆ ಸಾಗುವ ದೋಣಿಯನ್ನು ನಿಲ್ಲಿಸಬೇಕಾದರೆ ಗೇರನ್ನು ಹಿಂದಕ್ಕೆ ಹಾಕಿ, ಚಕ್ರವನ್ನು ತಿರುಗುಮುರುಗಾಗಿ ತಿರುಗಿಸಬೇಕು. ಹಲವು ವರ್ಷಗಳ ಹಿಂದೆ ಒಂದು ಜಲಾಶಯದಲ್ಲಿ ನಾನು ಕುಳಿತಿದ್ದ ದೋಣಿ ಇಳಿದಾಣದ ಸಮೀಪಕ್ಕೆ ಬಂದಿತು. ಚಾಲಕನು ಸನ್ನೆಗೋಲನ್ನು ಹಿಂದಕ್ಕೆಳೆದನು. ಕೋಲು ಬಂದಿತು, ಗೇರು ಬರಲಿಲ್ಲ. ಮೆಟ್ಟಿಲಿಗೆ ದೋಣಿ ತಾಗಿ ಮುಂಗೋಡೆ ಸೀಳಿತು. ಎಳೆಯ ಮಕ್ಕಳಿಬ್ಬರು ಬಿದ್ದರೂ ಪೆಟ್ಟಾಗಲಿಲ್ಲವೆಂಬುದೇ ಭಾಗ್ಯ. ಬಿಚ್ಚಿ ನೋಡಿದಾಗ ತಂತಿಯು ತನ್ನ ಕವಚದೊಳಗೆ ತುಕ್ಕು ಹಿಡಿದು ಹಗ್ಗದಂತೆ ಬಿರಿದಿತ್ತು. ಕೆಲವು ತಿಂಗಳಿಂದ ಕೋಲು ಬಿಗಿಯಾಗಿತ್ತೆಂದು ಚಾಲಕನೇ ಆಮೇಲೆ ಹೇಳಿದನು.

ಆ ದೋಣಿಯಲ್ಲಿದ್ದುದು ಸ್ಟರ್ನ್‌ಡ್ರೈವ್ ಎಂಬ ಜಾತಿಯ ಯಂತ್ರ. ಇದರಲ್ಲಿ ಎಂಜಿನ್ ಕಾರಿನದರಂತೆ ದೋಣಿಯೊಳಗೇ ಇರುತ್ತದೆ. ಹಿಂಗೋಡೆಯ ಹೊರಗೆ ನೀರಿಗಿಳಿದ ಕಾಲೊಂದು ಇದ್ದು, ಗೇರೂ ಚಕ್ರವೂ ಅದರಲ್ಲಿರುತ್ತವೆ. 1959ರಲ್ಲಿ ಸ್ವೀಡನ್ನಿನ ವೋಲ್ವೊ ಪೆಂಟಾ ಸಂಸ್ಥೆ ಅಮೆರಿಕದ ಜಿಮ್ ವಿನ್ ಎಂಬವರ ಕಲ್ಪನೆಯನ್ನಾಧರಿಸಿ ಇದನ್ನು ಮಾರುಕಟ್ಟೆಗೆ ತಂದಿತು. 1961ರಲ್ಲಿ ಮರ್ಕ್ರೂಸರ್ ಬಂದಿತು. ಎಂಜಿನ್ ಒಳಗೆ, ಗೇರು ಹೊರಗೆ ಎಂದ ಮೇಲೆ ಚಾಲಕನ ಇಚ್ಛೆಯನ್ನು ಗೋಡೆಯಾಚೆಗೆ ಒಯ್ಯುವ ಸಾಧನವೊಂದು ಬೇಕಷ್ಟೆ. ಅದೇ ಈ ಕೇಬಲ್.

ಬೈಸಿಕಲ್ಲಿನ ಬ್ರೇಕ್ ತಂತಿಯನ್ನು ಕಂಡವರಿಗೆ ಇದರ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಹೊರಗೆ ಬಾಗುವ ಕವಚ, ಒಳಗೆ ಜಾರುವ ತಂತಿ. 1896ರಲ್ಲಿ ಬೌಡನ್ ಎಂಬವನು ಪೇಟೆಂಟು ಪಡೆದ ಉಪಾಯವಿದು. ಭೇದವಿಷ್ಟೆ: ಬೈಸಿಕಲ್ಲಿನ ತಂತಿ ಎಳೆಯುವುದು ಮಾತ್ರ, ದೋಣಿಯದು ಎಳೆಯಲೂ ಬೇಕು, ತಳ್ಳಲೂ ಬೇಕು. ಕವಚದೊಳಗೆ ಸ್ವಲ್ಪ ತುಕ್ಕು ಸೇರಿದರೂ ತಳ್ಳುವಾಗ ಅದು ಮುರುಟುತ್ತದೆ. ಇಂಥ ಕೇಬಲ್ಲುಗಳು ಎರಡು: ಸನ್ನೆಗೋಲಿನಿಂದ ಎಂಜಿನಿನ ಮೇಲಿನ ಫಲಕದವರೆಗೆ ಒಂದು, ಅಲ್ಲಿಂದ ಹಿಂಗೋಡೆಯನ್ನು ದಾಟಿ ಹೊರಗಾಲಿನವರೆಗೆ ಇನ್ನೊಂದು. ಎರಡನೆಯದು ನೀರಿನ ನೆರೆಯಲ್ಲೇ ಬಾಳುವುದರಿಂದ ಬೇಗ ಕೆಡುತ್ತದೆ. ಗೋಡೆಯಾಚೆ ಅದನ್ನು ಮಡಿಕೆಮಡಿಕೆಯಾದ ರಬ್ಬರಿನ ತಿದಿಯೊಂದು ಕಾಯುತ್ತದೆ. ತಿದಿ ಹರಿದು ಕವಚವೂ ಸೀಳಿದರೆ ನೀರು ಕೇಬಲ್ಲಿನ ದಾರಿಯನ್ನೇ ಹಿಡಿದು ದೋಣಿಯೊಳಕ್ಕೆ ಬರುತ್ತದೆ. ಕಟ್ಟಿಹಾಕಿದ ದೋಣಿ ರಾತ್ರಿ ಬೆಳಗಾಗುವುದರೊಳಗೆ ಮುಳುಗಲೂ ಬಹುದು.

ಕೆಟ್ಟುದನ್ನು ಗುರುತಿಸುವುದು ಹೇಗೆ? ಕೋಲು ಬಿಗಿಯಾಗುವುದು ಮೊದಲ ಲಕ್ಷಣ. ಗೇರು ಬಿಡಿಸುವಾಗಲೆಲ್ಲ ಎಂಜಿನ್ ನಿಂತುಹೋಗುವುದು ಎರಡನೆಯದು. ಇದನ್ನು ಕಂಡು ಎಣ್ಣೆಯ ದೋಷವೆಂದು ಕಾರ್ಬ್ಯುರೇಟರನ್ನು ಬಿಚ್ಚಿದವರುಂಟು. ನಿಜವಾದ ಕಾರಣ ಬೇರೆ. ಭಾರ ಹೊತ್ತ ಗೇರಿನ ಹಲ್ಲುಗಳು ಸುಲಭವಾಗಿ ಬಿಡಲಾರವು. ಆದುದರಿಂದ ಮರ್ಕ್ರೂಸರ್ ಆಲ್ಫಾ ಮಾದರಿಯಲ್ಲಿ ಕೇಬಲ್ಲಿನ ಮೇಲೆ ಬಲ ಬಿದ್ದೊಡನೆ ಒಂದು ಸ್ವಿಚ್ಚು ಕ್ಷಣಕಾಲ ಕಿಡಿಯನ್ನು ತಡೆಯುತ್ತದೆ; ಎಂಜಿನ್ ತಗ್ಗಿ ಹಲ್ಲು ಸಡಿಲುತ್ತದೆ. ಕೇಬಲ್ಲೇ ಬಿಗಿಯಾಗಿದ್ದರೆ ಸ್ವಿಚ್ಚು ಬಿಡದೆ ಹಿಡಿದಿರುತ್ತದೆ, ಎಂಜಿನ್ ಸಾಯುತ್ತದೆ. ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ, ಕೆಳಗಿನ ಕೇಬಲ್ಲನ್ನು ಫಲಕದಿಂದ ಕಳಚಿ, ಕೈಯಿಂದ ತಳ್ಳಿ ಎಳೆದು ನೋಡತಕ್ಕದ್ದು. ಅದು ಬಿಗಿಯಾಗಿದ್ದರೆ ದೋಷ ಅದರದೇ; ಅದು ಹಗುರವಾಗಿದ್ದು ಕೋಲು ಭಾರವಾಗಿದ್ದರೆ ಮೇಲಿನದರದು. ತುಕ್ಕಿನ ಕವಚಕ್ಕೆ ಎಣ್ಣೆ ಬಿಡುವವರು ನಾಲ್ಕು ದಿನಗಳನ್ನು ಕೊಳ್ಳುತ್ತಾರೆ, ಅಷ್ಟೆ.

ಬದಲಾಯಿಸುವ ಕೆಲಸಕ್ಕೆ ದೋಣಿಯನ್ನು ನೀರಿನಿಂದ ಮೇಲೆತ್ತಲೇಬೇಕು. ಆಲ್ಫಾದಲ್ಲಿ ಮೊದಲು ಗೇರನ್ನು ಮುಂದಕ್ಕೆ ಹಾಕಿರಬೇಕು. ಒಳಗಿನ ಕೊಂಡಿಗಳು ಆ ಸ್ಥಿತಿಯಲ್ಲಿ ಮಾತ್ರ ಒಂದಕ್ಕೊಂದು ಸೇರುತ್ತವೆ, ಬಿಡುತ್ತವೆ. ಈ ಮಾತನ್ನು ಮರೆತವರು ಮರುಜೋಡಿಸುವಾಗ ಅರ್ಧ ದಿನ ಬೆವರುತ್ತಾರೆ. ಆಮೇಲೆ ಎತ್ತಿಳಿಸುವ ರ‍್ಯಾಮುಗಳನ್ನು ಕಳಚಿ, ಆರು ನಟ್ಟುಗಳನ್ನು ಬಿಚ್ಚಿ, ಹೊರಗಾಲನ್ನು ಆಧಾರದ ಮೇಲೆ ಹಿಂದಕ್ಕೆಳೆಯಬೇಕು. ಭಾರವಾದುದರಿಂದ ಒಬ್ಬರ ಕೆಲಸವಲ್ಲ. ಒಳಗೆ ಎಂಜಿನಿನ ಕಡೆಯ ತುದಿಯನ್ನು ಬಿಡಿಸಿ, ಹೊರಗೆ ತಂತಿಯ ತುದಿಯ ತಿರುಪನ್ನು ಸಡಿಲಿಸಿ, ತಿದಿಯ ಪಟ್ಟಿಯನ್ನು ತೆಗೆದು, ಕವಚವನ್ನು ತಿರುಗಿಸಿ ಬಿಚ್ಚಿ, ಹಳೆಯ ಕೇಬಲ್ಲನ್ನು ಹೊರಕ್ಕೆಳೆಯತಕ್ಕದ್ದು. ಹೊಸದು ಹೊರಗಿನಿಂದಲೇ ಒಳಹೋಗುತ್ತದೆ. ಅದರ ತಿರುಪಿಗೆ ನೀರುಬಿಗಿ ಲೇಪ ಬೇಕು, ತಿದಿಯೂ ಹೊಸದಾಗಿರಬೇಕು. ಹಳೆಯ ತಿದಿಯನ್ನೇ ಉಳಿಸುವ ಮಿತವ್ಯಯವನ್ನು ನಾನು ಒಪ್ಪಲಾರೆ, ಬಿಚ್ಚುವ ಶ್ರಮವೇ ಅದರ ಬೆಲೆಯನ್ನು ಮೀರುತ್ತದೆ. ದೋಣಿಯೊಳಗೆ ಕೇಬಲ್ಲು ಚೂಪಾಗಿ ಬಾಗದಂತೆಯೂ, ಬಿಸಿಯಾದ ಹೊಗೆಕೊಳವೆಗೂ ಚುಕ್ಕಾಣಿಯ ತೋಳಿಗೂ ತಾಗದಂತೆಯೂ ಸಾಗಬೇಕು.

ಕೊನೆಯದು ಅಳತೆ. ತಯಾರಕರ ಕೈಪಿಡಿಯಲ್ಲಿರುವ ಪ್ರಮಾಣಕ್ಕೆ ಸರಿಯಾಗಿ ತುದಿಯ ಹಿತ್ತಾಳೆಯ ಗುಂಡನ್ನು ತಿರುಗಿಸಿ ಕೂಡಿಸಬೇಕು, ಅಂದಾಜು ಸಲ್ಲದು. ಅರೆಬರೆ ಸೇರಿದ ಹಲ್ಲು ಸವೆದು ಗೇರನ್ನೇ ತಿನ್ನುತ್ತದೆ. ಒಬ್ಬನು ಕೋಲನ್ನು ಸರಿಸುತ್ತಿರುವಾಗ ಇನ್ನೊಬ್ಬನು, ಎಂಜಿನಿನ ಬೀಗದ ಕೈಯನ್ನು ತನ್ನ ಜೇಬಿನಲ್ಲಿಟ್ಟುಕೊಂಡು, ಚಕ್ರವನ್ನು ಕೈಯಿಂದ ತಿರುಗಿಸಿ ಹಲ್ಲು ಪೂರ್ಣವಾಗಿ ಸೇರಿದುದನ್ನು ನೋಡಬೇಕು. ನಮ್ಮ ಕೆರೆಗಳಲ್ಲಿ ಅಂತರಗಂಗೆಯಂಥ ಬಳ್ಳಿಸೊಪ್ಪು—ತೆಲುಗರು ಗುರ್ರಪು ಡೆಕ್ಕ, ಎಂದರೆ ಕುದುರೆಗೊರಸು, ಎನ್ನುವ ಗಿಡ—ಚಕ್ರಕ್ಕೆ ಸುತ್ತಿಕೊಳ್ಳುವುದುಂಟು. ಇದೇ ವೇಳೆ ಅದನ್ನೂ ಬಿಡಿಸಿಬಿಡುವುದು ಲೇಸು. ನೀರಿಗಿಳಿಸಿದ ಮೇಲೆ ದಡಕ್ಕೆ ಕಟ್ಟಿದಂತೆಯೇ ಅರ್ಧ ಗಂಟೆ ಬಿಟ್ಟು, ಹಿಂಗೋಡೆಯ ಒಳಮೈಯನ್ನು ಒಣ ಬಟ್ಟೆಯಿಂದ ಒರೆಸಿ ಕೈಯಿಟ್ಟು ನೋಡಬೇಕು. ಬಟ್ಟೆ ಒಣಗಿದ್ದರೆ ಜನರನ್ನು ಹತ್ತಿಸಿಕೊಳ್ಳಬಹುದು.