ಭೂಮಿತಾಯಿಯ ಬಯಕೆಗೆ ಬರೆದ ಬುಟ್ಟಿ

ವಿಜಯದಶಮಿಯ ಬನ್ನಿ ಹಂಚಿ ಮುಗಿಯಿತೆಂದರೆ ಉತ್ತರ ಕನ್ನಡದ ಸಿದ್ದಾಪುರ, ಶಿರಸಿ ಸೀಮೆಯಲ್ಲಿ ಬೇಸಾಯಗಾರ ಸಮುದಾಯವಾದ ದೀವರ ಕೇರಿಗಳಲ್ಲಿ ಹೆಂಗಸರ ಕೈಗೆ ಬಿಡುವಿಲ್ಲ. ಹುಣ್ಣಿಮೆಗೆ ಉಳಿದಿರುವುದು ಐದು ದಿನ. ಅಷ್ಟರಲ್ಲಿ ಎರಡು ಬುಟ್ಟಿಗಳ ಮೇಲೆ ಚಿತ್ತಾರ ಬರೆದಾಗಬೇಕು. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಹಚ್ಚಂಬಲಿ ಬುಟ್ಟಿ. ಆಶ್ವಯುಜದ ಹುಣ್ಣಿಮೆಯ ದಿನ ಎರಡೂ ತಲೆಯ ಮೇಲೇರಿ ಗದ್ದೆಗೆ ಹೋಗುತ್ತವೆ. ಬಯಲುಸೀಮೆಯವರು ಸೀಗಿ ಹುಣ್ಣಿಮೆ ಎನ್ನುವ ಈ ದಿನ ಮಲೆನಾಡಿನ ಈ ಭಾಗದಲ್ಲಿ ಭೂಮಿ ಹುಣ್ಣಿಮೆ.

ಹೊತ್ತು ನೋಡಿ ಇಟ್ಟ ಹಬ್ಬ ಇದು. ಮಳೆಗಾಲದಲ್ಲಿ ನೆಟ್ಟ ಸಸಿ ಈ ವೇಳೆಗೆ ಹೊಡೆ ತುಂಬಿ ನಿಂತಿರುತ್ತದೆ. ತೆನೆ ಇನ್ನೂ ಒಳಗಿದೆ, ಕೆಲವು ಕಡೆ ಈಗಷ್ಟೇ ಇಣುಕುತ್ತಿದೆ. ಮನೆಯ ಮಗಳು ಬಸುರಿಯಾದಾಗ ಬಯಕೆ ಊಟ ಹಾಕುವಂತೆ ಬಸುರಿಯಾದ ಭೂಮಿಗೂ ಹಾಕಬೇಕು ಎಂಬುದು ಇದರ ಹಿಂದಿನ ನಂಬಿಕೆ. ಬಯಕೆ ತೀರದಿದ್ದರೆ ಕಾಳು ಜೊಳ್ಳಾದೀತು, ಹುಳ ಬಿದ್ದೀತು, ಇಲಿ ಕಡಿದೀತು ಎಂಬ ಭಯವೂ ಅದರೊಂದಿಗೆ ಇದೆ. ಹರಕೆ, ಭಯ, ಅಕ್ಕರೆ ಮೂರೂ ಆ ಬುಟ್ಟಿಯಲ್ಲಿವೆ.

ಬುಟ್ಟಿ ಬರೆಯುವ ಕೆಲಸವನ್ನು ತುಸು ವಿವರವಾಗಿ ಹೇಳಬೇಕು. ಬಿದಿರಿನ ಬುಟ್ಟಿಯ ಸಂದುಗಳೆಲ್ಲ ಮುಚ್ಚುವಂತೆ ಮೊದಲು ಸಗಣಿ ಬಳಿದು ಒಣಗಿಸುತ್ತಾರೆ. ಅದರ ಮೇಲೆ ಕೆಮ್ಮಣ್ಣಿನ ಲೇಪ. ಅದೂ ಒಣಗಿದ ಮೇಲೆ ಬರವಣಿಗೆ. ಬಿಳಿ ಬಣ್ಣಕ್ಕೆ ನೆನೆಸಿ ನುಣ್ಣಗೆ ಅರೆದ ಅಕ್ಕಿ. ಕಪ್ಪು ಬೇಕಾದರೆ ಅದೇ ಅಕ್ಕಿಯನ್ನು ಕರಕಾಗುವ ತನಕ ಹುರಿದು ಅರೆಯುತ್ತಾರೆ. ಹಳದಿ ಸಿಗುವುದು ಕಾಡಿನ ಗುರಿಗೆ ಕಾಯಿಯಿಂದ. ಕುಂಚ ಪುಂಡಿ ನಾರಿನದು. ನಾರಿನ ತುದಿಯನ್ನು ಜಜ್ಜಿ, ಬೇಕಾದಷ್ಟೇ ಎಳೆ ಉಳಿಸಿಕೊಂಡು, ಹಿಟ್ಟಿನಲ್ಲಿ ಅದ್ದಿ ಗೆರೆ ಎಳೆಯುವುದು. ಗೋಡೆಯ ಮೇಲೆ ಗೆರೆ ಎಳೆಯುವುದೇ ಕಷ್ಟ. ಬುಟ್ಟಿಯೋ ದುಂಡಗಿರುವುದು, ಮೈಯೆಲ್ಲ ಉಬ್ಬುತಗ್ಗು. ಒಂದು ಕಡೆಯಿಂದ ಹೊರಟ ಎಳೆ ಸುತ್ತು ಬಂದು ತಾನು ಹೊರಟ ಜಾಗವನ್ನೇ ಕೂಡಬೇಕು. ಅಳತೆಪಟ್ಟಿ ಇಲ್ಲ, ಪೆನ್ಸಿಲಿನ ಗುರುತಿಲ್ಲ. ಕಣ್ಣೇ ಅಳತೆ.

ಬರೆಯುವುದೇನನ್ನು? ಜೋಗಿ ಜಡೆ, ನಿಲಿ, ಏಣಿ, ಭತ್ತದ ಸಸಿ, ಎತ್ತಿನ ಗಾಡಿ, ಕೈ ಕೈ ಹಿಡಿದ ಗೊಂಬೆಗಳ ಸಾಲು. ಮದುವೆ ಮನೆಯಲ್ಲಿ ಮದುಮಕ್ಕಳು ಕೂರುವ ಜಾಗದ ಹಿಂದಿನ ಗೋಡೆಗೆ ಬರೆಯುವ ಹಸೆ ಚಿತ್ತಾರದಲ್ಲೂ ಇವೇ ಮಾದರಿಗಳು ಬರುತ್ತವೆ. ಚಿತ್ತಾರ ಬಲ್ಲವಳನ್ನು ಈ ಕಡೆ ಚಿತ್ತಾರಗಿತ್ತಿ ಎನ್ನುತ್ತಾರೆ, ಅವಳಿಗೊಂದು ಮರ್ಯಾದೆ ಇದೆ. ಮದುಮಕ್ಕಳ ಬೆನ್ನಿಗೆ ಇರುವ ಚಿತ್ತಾರವೇ ಗದ್ದೆಗೆ ಹೋಗುವ ಬುಟ್ಟಿಗೂ ಬರುತ್ತದೆ ಎನ್ನುವುದರಲ್ಲಿ ಒಂದು ಲೆಕ್ಕವಿದೆ. ಮನೆಯಲ್ಲಿ ಸಂತಾನ ಬೇಕು, ಗದ್ದೆಯಲ್ಲಿ ತೆನೆ ಬೇಕು. ಎರಡಕ್ಕೂ ಕೇಳಿಕೊಳ್ಳುವ ಬಗೆ ಒಂದೇ.

ಹುಣ್ಣಿಮೆಯ ಹಿಂದಿನ ದಿನ ಸೊಪ್ಪಿನ ಬೇಟೆ. ಬೆಟ್ಟ, ಬೇಣ, ತೋಟದಂಚು ಎಲ್ಲ ತಿರುಗಿ ಎಷ್ಟು ಬಗೆಯ ಕುಡಿ, ಚಿಗುರು ಸಿಗುತ್ತದೋ ಅಷ್ಟನ್ನೂ ತರುತ್ತಾರೆ. ನೂರೊಂದು ಬಗೆ ಎಂಬುದು ಬಾಯಿಮಾತು. ಆದರೆ ಆ ದಿನ ಅಜ್ಜಿಯಂದಿರ ಜೊತೆ ಬೆಟ್ಟ ಹತ್ತಿದ ಮಕ್ಕಳು ಸಸ್ಯಶಾಸ್ತ್ರದ ಯಾವ ಪಾಠದಲ್ಲೂ ಸಿಗದಷ್ಟು ಹೆಸರು ಕಲಿತು ಇಳಿಯುತ್ತಾರೆ. ಆ ಸೊಪ್ಪನ್ನೆಲ್ಲ ಹೆಚ್ಚಿ, ಅಕ್ಕಿ ಸೇರಿಸಿ ಬೇಯಿಸಿದರೆ ಹಚ್ಚಂಬಲಿ. ರಾತ್ರಿಯೆಲ್ಲ ಒಲೆ ಆರುವುದಿಲ್ಲ. ಒಂದು ಕಡೆ ಕಡುಬು, ಇನ್ನೊಂದು ಕಡೆ ಹೋಳಿಗೆ, ಅಮಟೆಕಾಯಿ ಹಾಕಿದ ಪದಾರ್ಥ, ಪಾಯಸ.

ಬೆಳಕು ಹರಿಯುವ ಮುಂಚೆ ಗಂಡಸರು ದೊಂದಿ ಹಿಡಿದು ಹಚ್ಚಂಬಲಿ ಬುಟ್ಟಿ ಹೊತ್ತು ಹೊರಡುತ್ತಾರೆ. ಜಾಗಟೆಯ ಸದ್ದು. ಗದ್ದೆಯ ಹಾಳಿಯ ಮೇಲೆ ನಡೆಯುತ್ತ, ಬೆಟ್ಟದ ಕುಡಿಗಳನ್ನು ನೆನೆದು, ಭೂಮಿತಾಯಿ ಬಂದು ಉಣ್ಣಲೆಂದು ಕೂಗಿ ಕರೆಯುತ್ತ ಅಂಬಲಿಯನ್ನು ಪೈರಿನ ಮೇಲೆ ಬೀರುತ್ತಾರೆ. ಒಂದು ಕಣಿವೆಯ ಕೂಗಿಗೆ ಆಚೆ ಕಣಿವೆಯ ಗದ್ದೆಯಿಂದ ಮತ್ತೊಂದು ಕೂಗು ಏಳುತ್ತದೆ. ಹೀಗೆ ಬೀರಿದ ಅನ್ನಕ್ಕೆ ಹಕ್ಕಿಗಳು ಇಳಿದು, ಜೊತೆಗೆ ಪೈರಿನ ಹುಳವನ್ನೂ ಹೆಕ್ಕುತ್ತವೆ ಎಂದು ವಿವರಿಸುವವರಿದ್ದಾರೆ. ಇದ್ದೀತು. ಬೀರುವವರ ಮನಸ್ಸಿನಲ್ಲಿ ಮಾತ್ರ ಆ ಹೊತ್ತಿಗೆ ಹುಳದ ಲೆಕ್ಕ ಇರುವುದಿಲ್ಲ.

ಬೆಳಕಾದ ಮೇಲೆ ಮನೆಯವರೆಲ್ಲ ಭೂಮಣ್ಣಿ ಬುಟ್ಟಿಯೊಂದಿಗೆ ಗದ್ದೆಗೆ ಬರುತ್ತಾರೆ. ಚೆನ್ನಾಗಿ ಬೆಳೆದ ಒಂದು ಮಡಿಯ ಪೈರಿಗೆ ಹೂ ಮುಡಿಸಿ, ತಾಳಿ ಕಟ್ಟಿ, ಸೀರೆ ಕುಪ್ಪಸ ಇಟ್ಟು ಪೂಜೆ. ಮನೆಯ ಹೆಣ್ಣುಮಗಳ ಕೊರಳ ಸರವೂ ಆ ಹೊತ್ತಿಗೆ ಪೈರಿನ ಕೊರಳಿಗೆ ಹೋಗುವುದುಂಟು. ನಂತರ ಬಡಿಸುವುದು. ಮೊದಲ ಎಡೆ ಭೂಮಿತಾಯಿಗೆ. ಆಮೇಲೆ ಕಾಗೆಗೆ ಒಂದು ಪಾಲು, ಇಲಿಗೆ ಒಂದು ಪಾಲು. ಒಂದು ಕಡುಬನ್ನು ಗದ್ದೆಯಲ್ಲೇ ಹೂಳುತ್ತಾರೆ. ಕೊಯ್ಲಿನ ದಿನ ಅದನ್ನು ತೆಗೆದು ಪ್ರಸಾದವೆಂದು ಹಂಚಿಕೊಳ್ಳುವ ಪದ್ಧತಿ ಇದೆ. ಕೊನೆಗೆ ಮನೆಯವರೆಲ್ಲ ಹಾಳಿಯ ಮೇಲೆ ಸಾಲಾಗಿ ಕೂತು ಬಾಳೆ ಎಲೆಯಲ್ಲಿ ಉಣ್ಣುತ್ತಾರೆ.

ಇಲಿಗೂ ಪಾಲು ಎನ್ನುವಲ್ಲಿ ನಾನು ಪ್ರತಿ ಸಲ ನಿಲ್ಲುತ್ತೇನೆ. ಪೈರಿಗೆ ಹಾನಿ ಮಾಡುವ ಪ್ರಾಣಿಯನ್ನು ಹಬ್ಬದ ಊಟಕ್ಕೆ ಕರೆಯುವ ಈ ನಡವಳಿಕೆ ಸಿದ್ದಾಪುರ, ಶಿರಸಿ, ಯಲ್ಲಾಪುರ ಮೂರೂ ತಾಲ್ಲೂಕುಗಳ ಹಬ್ಬಗಳ ಮೂಲ ಗುಣ ಎಂದು ನನಗೆ ತೋರುತ್ತದೆ. ಭಯ ಯಾರಿಂದ ಇದೆಯೋ ಅವರಿಗೂ ಒಂದು ಎಲೆ ಹಾಕಿ ಕಾಪಾಡೆಂದು ಕೇಳಿಕೊಳ್ಳುವ ಜನ ಇವರು.

ದೀಪಾವಳಿಯಲ್ಲಿ ಇದು ಇನ್ನೂ ಸ್ಪಷ್ಟ. ಇಲ್ಲಿ ದೀಪಾವಳಿಗೆ ದೊಡ್ಡಹಬ್ಬ ಎಂದೇ ಹೆಸರು. ಹಿಂದಿನ ರಾತ್ರಿ ಬಾವಿಯ ನೀರು ತುಂಬಿ ಹಂಡೆ ಪೂಜಿಸಿ, ಬೆಳಗ್ಗೆ ಎಣ್ಣೆ ಸ್ನಾನ, ಹಿಂಡ್ಲೆಕಾಯಿಯನ್ನು ಕಾಲಲ್ಲಿ ಮೆಟ್ಟಿ ಒಡೆಯುವುದು, ಬಲೀಂದ್ರನನ್ನು ಕೂರಿಸುವುದು. ಬಲಿ ಪಾಡ್ಯದಂದು ಕೊಟ್ಟಿಗೆಯೇ ಗರ್ಭಗುಡಿ. ದನಗಳ ಮೈ ತೊಳೆದು, ಕೆಮ್ಮಣ್ಣು ಶೇಡಿಯಲ್ಲಿ ಅದ್ದಿದ ಸಿದ್ದೆ ಎಂಬ ಅಳತೆ ಪಾತ್ರೆಯ ಬಾಯಿಂದ ಮೈತುಂಬ ದುಂಡನೆಯ ಅಚ್ಚು ಒತ್ತುತ್ತಾರೆ. ಕೊರಳಿಗೆ ಹಣ್ಣಡಿಕೆ, ಸಿಂಗಾರ, ಪಚ್ಚೆತೆನೆ, ವೀಳ್ಯದೆಲೆ, ಚೆಂಡುಹೂ ಪೋಣಿಸಿದ ಸರ. ಹವ್ಯಕರ ತೋಟದ ಮನೆಗಳಲ್ಲಿ ಆ ಸರ ಕಟ್ಟುವುದು ಮಕ್ಕಳಿಗೆ ಅರ್ಧ ದಿನದ ಕೆಲಸ.

ಅದೇ ದಿನ ಅನೇಕ ಊರುಗಳಲ್ಲಿ ಕಾಡಿನಂಚಿನ ಹುಲಿದೇವರಿಗೆ ಪೂಜೆ. ಹುಲಿಯಪ್ಪ ಎಂದೂ ಕರೆಯುತ್ತಾರೆ. ಕೆಲವೆಡೆ ಹುಲಿಯ ಉಬ್ಬುಚಿತ್ರವಿರುವ ಕಲ್ಲು, ಕೆಲವೆಡೆ ಮರದ ಬುಡದ ಬರೀ ಗುಂಡುಕಲ್ಲು. ದನ ಮೇಯಲು ಹೋಗುವುದು ಹುಲಿಯ ಸೀಮೆಗೆ. ಹಾಗಾಗಿ ದನದ ಹಬ್ಬದ ದಿನ ಊರವರೆಲ್ಲ ಕಾಯಿ ಹಿಡಿದು ಹುಲಿಯ ಬಳಿಗೂ ಹೋಗುತ್ತಾರೆ. ಹಸುವಿಗೆ ಸರ, ಹುಲಿಗೆ ಕಾಯಿ. ಕಾಡುಪ್ರಾಣಿ ಮತ್ತು ಮನುಷ್ಯನ ತಂಟೆಯ ಬಗ್ಗೆ ಇಂದು ಮಾತಾಡುವವರು ಈ ಕಲ್ಲುಗಳ ಮುಂದೆ ಒಮ್ಮೆಯಾದರೂ ನಿಂತು ಬರಬೇಕು.

ಯಲ್ಲಾಪುರದ ಕಡೆಗೆ ಹೋದರೆ ಜನ ಬದಲಾಗುತ್ತಾರೆ, ಕೇಳಿಕೆ ಬದಲಾಗುವುದಿಲ್ಲ. ಕಾಡಿನ ನಡುವಿನ ಗೌಳಿವಾಡಗಳಲ್ಲಿ ಹೈನೇ ಬದುಕು. ದೀಪಾವಳಿಗೆ ಗೌಳಿಗರು ತಮ್ಮ ದನ, ಎಮ್ಮೆಗಳನ್ನು ಸಿಂಗರಿಸಿ ಓಡಿಸುತ್ತಾರೆ. ಈ ಕಡೆ ಇರುವ ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದಾಗ ಈ ಭೇದ ಅಡ್ಡ ಬರಲಿಲ್ಲ. ಸಾತುಂಬೈಲ್‌ ಕಾಡಿನಲ್ಲಿರುವ ಸಿದ್ದಿನಾಸ್ ದೇವರ ಮುಂದೆಯೂ ಬರುವುದಿಲ್ಲ. ಮೂರೂ ಮತದ ಸಿದ್ದಿಗಳು ವರ್ಷಕ್ಕೊಮ್ಮೆ ಅಲ್ಲಿ ಕೂಡಿ, ಹಿರಿಯರನ್ನು ನೆನೆದು ಕಾಯಿ ಒಡೆದು ತಮ್ಮ ಮನೆಮಂದಿಯನ್ನು ಕಾಯಲು ಕೇಳಿಕೊಳ್ಳುತ್ತಾರೆ. ಡಮಾಮಿ ಎಂಬ ಡೋಲಿನ ಬಡಿತಕ್ಕೆ ಕುಣಿತ ಶುರುವಾದರೆ ನಿಲ್ಲುವುದು ಸುಲಭವಲ್ಲ.

ಹಬ್ಬದಿಂದ ಅದೃಷ್ಟ, ರಕ್ಷೆ ಬೇಡುವುದು ಲೋಕದ ಎಲ್ಲ ರೈತರ ಗುಣ. ಚೀನಾದವರ ಹೊಸ ವರ್ಷ ನೋಡಿ. ಬಾಗಿಲಿಗೆ ಕೆಂಪು ಕಾಗದದ ಮೇಲೆ ಬರೆದ ಶುಭನುಡಿ, ಕದದ ಎರಡು ರೆಕ್ಕೆಗೂ ತಾಂಗ್ ಕಾಲದ ಇಬ್ಬರು ಸೇನಾಪತಿಗಳ ಚಿತ್ರ, ಅವರೇ ದ್ವಾರಪಾಲಕರು. ಊರಿಗೆ ನುಗ್ಗುತ್ತಿದ್ದ ನಿಯಾನ್ ಎಂಬ ಮೃಗ ಕೆಂಪು ಬಣ್ಣಕ್ಕೂ ಸದ್ದಿಗೂ ಹೆದರಿತು ಎಂಬ ಕಥೆಯಿಂದ ಪಟಾಕಿ. ಅಲ್ಲಿಯೂ ಅಡುಗೆಮನೆಯ ದೇವರು ವರ್ಷಾಂತ್ಯಕ್ಕೆ ಮೇಲಿನ ಲೋಕಕ್ಕೆ ವರದಿ ಒಪ್ಪಿಸಲು ಹೊರಡುವಾಗ, ಒಳ್ಳೆಯದನ್ನೇ ಹೇಳಲಿ ಎಂದು ಬಾಯಿಗೆ ಸಿಹಿ ಹಚ್ಚುತ್ತಾರೆ. ಐದನೇ ತಿಂಗಳ ಐದನೇ ದಿನ ದೋಣಿ ಪಂದ್ಯದ ಹಬ್ಬ. ಸೆಕೆ ಏರಿ ಹುಳ, ರೋಗ ಹೆಚ್ಚುವ ಕಾಲವದು. ಆಗ ಚೀನಾದ ಮನೆಗಳು ಬಾಗಿಲಿಗೆ ಒಂದು ಗಿಡ ಕಟ್ಟುತ್ತವೆ, ಮಕ್ಕಳ ಮುಂಗೈಗೆ ಐದು ಬಣ್ಣದ ದಾರ ಕಟ್ಟುತ್ತವೆ. ಆ ಗಿಡ ನಮ್ಮ ಬಜೆ. ಎಳೆಮಗುವಿನ ನಾಲಿಗೆಗೆ ನಮ್ಮ ಅಜ್ಜಿಯಂದಿರು ತೇದು ನೆಕ್ಕಿಸುವ, ಮಣಿ ಮಾಡಿ ಕೈಗೆ ಕಟ್ಟುವ ಅದೇ ಬಜೆ. ಸಾವಿರಾರು ಮೈಲಿ ದೂರದ ಎರಡು ಊರಿನ ತಾಯಂದಿರು ಮಗುವನ್ನು ಕಾಯಲು ಒಂದೇ ಗಿಡದ ಮೊರೆ ಹೋದರು. ಇದನ್ನು ಓದಿದ ದಿನ ನನಗೆ ಬಹಳ ಸಂತೋಷವಾಯಿತು.

ಮತ್ತೆ ನಮ್ಮ ಗದ್ದೆಗೆ ಬರೋಣ. ಭೂಮಣ್ಣಿ ಬುಟ್ಟಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೊಂದಿದೆ. ಬುಟ್ಟಿ ಬರೆಯುವ ದೀವರ ಹೆಂಗಸರ ಅಜ್ಜಿ, ಮುತ್ತಜ್ಜಿಯರಲ್ಲಿ ಹೆಚ್ಚಿನವರು ಎಡೆ ಇಟ್ಟ ಗದ್ದೆ ಅವರದಾಗಿರಲಿಲ್ಲ. ಅವರು ಗೇಣಿದಾರರು. ಸುಗ್ಗಿಯಾದ ಮೇಲೆ ಒಡೆಯರ ಮನೆಯ ಕೊಳಗ ಬಂದು ಭತ್ತ ಅಳೆದುಕೊಂಡು ಹೋಗುತ್ತಿತ್ತು. ಸಿದ್ದಾಪುರಕ್ಕೆ ತಾಗಿದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ದೀವರ ಗೇಣಿದಾರರು ತಿರುಗಿಬಿದ್ದದ್ದಕ್ಕೆ ಆ ಕೊಳಗದ ಗಾತ್ರವೇ ಒಂದು ಮುಖ್ಯ ಕಾರಣ. ಗಣಪತಿಯಪ್ಪನವರು ಮುಂದೆ ನಿಂತ ಆ ಸತ್ಯಾಗ್ರಹಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ತಿದ್ದುಪಡಿ ಬಂದು, ನ್ಯಾಯಮಂಡಳಿಗಳಲ್ಲಿ ಅರ್ಜಿ ಹಾಕಿ ಓಡಾಡಿ, ಉಳುವವರ ಹೆಸರಿಗೆ ಪಹಣಿ ಆಗುವ ತನಕ ಕಾಯಬೇಕಾಯಿತು. ಅಷ್ಟು ವರ್ಷವೂ ಬುಟ್ಟಿ ಬರೆಯುವುದು ನಿಂತಿರಲಿಲ್ಲ. ಕಾಗದದಲ್ಲಿ ಯಾರದೋ ಆಗಿದ್ದ ನೆಲವನ್ನು ತಾಯಿ ಎಂದು ಕರೆದು ಉಣಿಸಿದ ಹೆಂಗಸರ ಹಕ್ಕು ಯಾವ ಪಹಣಿಗಿಂತಲೂ ಹಳೆಯದು ಎಂದು ನಾನು ನಂಬುತ್ತೇನೆ.

ಈಗ ಗದ್ದೆ ಇದೆ, ಆದರೆ ಭತ್ತ ಕಡಿಮೆಯಾಗುತ್ತಿದೆ. ಕೂಲಿ ಸಿಗದು, ಮಂಗ ಹಂದಿಗಳ ಕಾಟ ತಪ್ಪದು, ಅಡಿಕೆಗೆ ಬೆಲೆ ಇದೆ. ಹೀಗಾಗಿ ಗದ್ದೆಬಯಲುಗಳಲ್ಲಿ ಕಾದಿಗೆ ತೋಡಿ ಅಡಿಕೆ ಸಸಿ ನೆಡುತ್ತಿದ್ದಾರೆ. ಭತ್ತ ಬಿಟ್ಟ ಮನೆಗಳೂ ಹಬ್ಬ ಬಿಟ್ಟಿಲ್ಲ. ಬುಟ್ಟಿ ಅಡಿಕೆ ತೋಟಕ್ಕೆ ಹೋಗುತ್ತದೆ. ಅಡಿಕೆ ಮರದ ಬುಡಕ್ಕೆ ಎಡೆ, ಬಾಳೆಯ ಬುಡಕ್ಕೆ ಎಡೆ. ಹಚ್ಚಂಬಲಿಗೆ ಸೊಪ್ಪು ಸಿಗುವ ಬೆಟ್ಟ ಮಾತ್ರ ಉಳಿಯಬೇಕು.

ಚಿತ್ತಾರಕ್ಕೆ ಪೇಟೆಯೂ ಸಿಕ್ಕಿದೆ. ಕ್ಯಾನ್ವಾಸಿನ ಮೇಲೆ, ಸೀರೆಯ ಸೆರಗಿನ ಮೇಲೆ, ಬೆಂಗಳೂರಿನ ಮನೆಗಳ ನಡುಮನೆಯ ಗೋಡೆಯ ಮೇಲೆ ಜೋಗಿ ಜಡೆ ಕಾಣಿಸುತ್ತಿದೆ. ಕಲಿಸುವ ಶಿಬಿರಗಳು ನಡೆಯುತ್ತವೆ, ಗಂಡುಮಕ್ಕಳೂ ಕಲಿಯುತ್ತಿದ್ದಾರೆ. ಇದು ಒಳ್ಳೆಯದೇ. ಬರೆಯುವ ಕೈಗೆ ನಾಲ್ಕು ಕಾಸು ಬರಬೇಕು. ಆದರೆ ಅಂಗಡಿಯ ಬಣ್ಣದ ಡಬ್ಬಿಯಲ್ಲಿ ಬರೆದ ಬುಟ್ಟಿಯನ್ನು ಭೂಮಣ್ಣಿ ಬುಟ್ಟಿಯೆಂದು ಮಾರುವುದನ್ನು ಕಂಡಾಗ ಮನಸ್ಸಿಗೆ ಹಿಡಿಸುವುದಿಲ್ಲ. ಅಕ್ಕಿ, ಮಣ್ಣು, ಸಗಣಿ, ನಾರು ಎಲ್ಲ ಆ ನೆಲದ್ದೇ ಆಗಿರುವುದು ಬುಟ್ಟಿಯ ಪ್ರಾಣ. ಗಟ್ಟಿಯಿರುವ ಬುಟ್ಟಿಯನ್ನು ಮುಂದಿನ ವರ್ಷ ಮತ್ತೆ ಸಗಣಿ, ಕೆಮ್ಮಣ್ಣು ಬಳಿದು ಹೊಸದಾಗಿ ಬರೆಯುತ್ತಾರೆ. ಹಳೆಯ ಚಿತ್ತಾರ ಹೊಸದರ ಅಡಿಗೆ ಹೋಗುತ್ತದೆ. ಕಾಪಿಡುವ ಮಾತೇ ಇಲ್ಲಿಲ್ಲ.

ನೋಡಬೇಕೆನ್ನುವವರು ಹುಣ್ಣಿಮೆಯ ಬೆಳಗ್ಗೆ ಬಂದರೆ ಅರ್ಧ ಹಬ್ಬ ತಪ್ಪಿತು. ಹಿಂದಿನ ಸಂಜೆಯೇ ಸಿದ್ದಾಪುರ ತಲುಪಬೇಕು, ಪರಿಚಯದವರ ಮನೆಯಿದ್ದರೆ ಅಲ್ಲೇ ಉಳಿಯಬೇಕು. ಸೊಪ್ಪು ಸೋಸಲು ಕೂತವರ ಜೊತೆ ಕೂತರೆ ಕೆಲಸವೂ ಸಿಗುತ್ತದೆ, ಕಥೆಯೂ ಸಿಗುತ್ತದೆ. ಹಾಳಿ ಇಬ್ಬನಿಗೆ ಜಾರುತ್ತದೆ, ಚಪ್ಪಲಿ ಬಿಟ್ಟೇ ಇಳಿಯಬೇಕು. ಎಡೆ ಇಡುವ ಹೊತ್ತಿಗೆ ಫೋಟೊಗೆಂದು ಪೈರಿನ ನಡುವೆ ಕಾಲಿಡಬೇಡಿ, ತೆನೆ ಮೂಡುವ ಹೊತ್ತು ಅದು. ಊಟಕ್ಕೆ ಕರೆದೇ ಕರೆಯುತ್ತಾರೆ. ಬೇಡ ಎನ್ನಬಾರದು.